ರಕ್ತ ವಾಪಸ್ ಬಂದ ಮೇಲೂ ಹೃದಯದ ಕೋಶ ಸಾಯುವುದು ಯಾಕೆ? ಪಿಎಚ್ ಹಿಡಿದು ನೋಡೋಣ

ಕೋಲಾರದ ನಮ್ಮ ಸ್ಟಡಿ ಗ್ರೂಪಿನಲ್ಲಿ ರಿಪರ್ಫ್ಯೂಷನ್ ಇಂಜುರಿ (ನಿಂತಿದ್ದ ರಕ್ತ ವಾಪಸ್ ಬಂದಾಗ ಆಗುವ ಹಾನಿ) ಓದುವಾಗೆಲ್ಲ ಇದೇ ಪ್ರಶ್ನೆ ಏಳುತ್ತದೆ. ಆಕ್ಸಿಜನ್ ಇಲ್ಲದೆ ಕೋಶ ಸಾಯುತ್ತದೆ, ಸರಿ. ಸಿಕ್ಕ ಮೇಲೂ ಯಾಕೆ ಸಾಯಬೇಕು? ಫ್ರೀ ರ‍್ಯಾಡಿಕಲ್ (ಸಿಕ್ಕಿದ್ದಕ್ಕೆಲ್ಲ ಅಂಟಿ ಹಾನಿ ಮಾಡುವ ಚುರುಕು ಅಣು) ಅಂತ ಬರೆದರೆ ಉತ್ತರ ಅರ್ಧ ಮಾತ್ರ. ಉಳಿದರ್ಧ, ಆಮ್ಲೀಯತೆ ಎಷ್ಟು ಅಂತ ಹೇಳುವ ಪಿಎಚ್‌ನಲ್ಲಿದೆ.

ಇಸ್ಕೀಮಿಯಾ, ಅಂದರೆ ರಕ್ತ ನಿಂತ ಸ್ಥಿತಿ, ಎಲ್ಲರಿಗೂ ಗೊತ್ತು. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಇಳಿಯುತ್ತದೆ, ಲ್ಯಾಕ್ಟೇಟ್ ಮತ್ತು ಪ್ರೋಟಾನ್ (ಆಮ್ಲೀಯತೆ ತರುವ ಹೈಡ್ರೋಜನ್ ಅಯಾನು) ಸೇರುತ್ತವೆ, ಕೋಶ ಆಮ್ಲೀಯವಾಗುತ್ತದೆ. 20ರಿಂದ 40 ನಿಮಿಷ ದಾಟಿದರೆ ಹೃದಯದ ಗೋಡೆಯ ಒಳಪದರದಿಂದ ಸಾವು ಶುರು.

ಈಗ ತೊಡಕಿನ ಜಾಗ. ಕೋಶದ ಪೊರೆಯಲ್ಲಿ ಸೋಡಿಯಂ-ಹೈಡ್ರೋಜನ್ ಎಕ್ಸ್‌ಚೇಂಜರ್ ಇದೆ. ಒಂದು ಪ್ರೋಟಾನ್ ಹೊರಗೆ, ಒಂದು ಸೋಡಿಯಂ ಒಳಗೆ. ರಕ್ತ ನಿಂತಿರುವಾಗ ಒಳಗೂ ಆಮ್ಲ, ಹೊರಗೂ ಆಮ್ಲ. ಆದ್ದರಿಂದ ಅದು ಜಾಸ್ತಿ ಓಡುವುದಿಲ್ಲ. ರಕ್ತ ಬಂತು ಅಂದುಕೊಳ್ಳಿ. ಹೊರಗಿನ ಆಮ್ಲ ತಕ್ಷಣ ತೊಳೆದುಹೋಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಈ ವ್ಯತ್ಯಾಸವೇ ಎಕ್ಸ್‌ಚೇಂಜರ್ ಅನ್ನು ಜೋರಾಗಿ ಓಡಿಸುತ್ತದೆ. ಪ್ರೋಟಾನ್ ಹೊರಗೆ ಹೋದಷ್ಟೂ ಸೋಡಿಯಂ ಒಳಗೆ ತುಂಬುತ್ತದೆ. ಸೋಡಿಯಂ ಹೊರಹಾಕುವ ಪಂಪ್ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ, ಅಲ್ವಾ? ಆಗ ಸೋಡಿಯಂ-ಕ್ಯಾಲ್ಸಿಯಂ ಎಕ್ಸ್‌ಚೇಂಜರ್ ಉಲ್ಟಾ ತಿರುಗಿ, ಸೋಡಿಯಂ ಹೊರಹಾಕಿ ಕ್ಯಾಲ್ಸಿಯಂ ಒಳಗೆ ತರುತ್ತದೆ. ಬಾಣ ಹಾಕಿ ಬರೆದಿಟ್ಟುಕೊಳ್ಳಿ: ಪ್ರೋಟಾನ್ ಹೊರಗೆ → ಸೋಡಿಯಂ ಒಳಗೆ → ಕ್ಯಾಲ್ಸಿಯಂ ಒಳಗೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾದ ಪರ್ಮಿಯಬಿಲಿಟಿ ಟ್ರಾನ್ಸಿಷನ್ ಪೋರ್ ಅನ್ನೋ ರಂಧ್ರವನ್ನು ಆಮ್ಲವೇ ಮುಚ್ಚಿಟ್ಟಿರುತ್ತದೆ. ಪಿಎಚ್ ಸರಿಹೋದಾಗ ಆ ಹಿಡಿತ ತಪ್ಪುತ್ತದೆ. ಅದೇ ಹೊತ್ತಿಗೆ ಕ್ಯಾಲ್ಸಿಯಂ ತುಂಬಿದೆ, ಫ್ರೀ ರ‍್ಯಾಡಿಕಲ್ ಸಿಡಿಯುತ್ತಿವೆ. ಮೊದಲ ಕೆಲವೇ ನಿಮಿಷಗಳಲ್ಲಿ ರಂಧ್ರ ತೆರೆದು, ಮೈಟೊಕಾಂಡ್ರಿಯಾ ಊದಿ, ಎಟಿಪಿ ತಯಾರಿ ನಿಲ್ಲುತ್ತದೆ. ಎಟಿಪಿ ಸ್ವಲ್ಪ ಸಿಕ್ಕ ಕೋಶಗಳಿಗೂ ನೆಮ್ಮದಿಯಿಲ್ಲ. ಜಾಸ್ತಿ ಕ್ಯಾಲ್ಸಿಯಂ ಜೊತೆ ಅದು ಸೇರಿದರೆ ಸ್ನಾಯುತಂತು ಮಿತಿಮೀರಿ ಬಿಗಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಾಂಟ್ರಾಕ್ಷನ್ ಬ್ಯಾಂಡ್‌ಗಳು ಇವೇ.

ಫ್ರೀ ರ‍್ಯಾಡಿಕಲ್ ಎಲ್ಲಿಂದ? ರಕ್ತ ನಿಂತಾಗ ಸೇರಿದ ಸಕ್ಸಿನೇಟ್, ಆಕ್ಸಿಜನ್ ಬಂದಾಗ ವೇಗವಾಗಿ ಉರಿದು, ಎಲೆಕ್ಟ್ರಾನ್‌ಗಳನ್ನು ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್ ಒಂದು ಅನ್ನೋ ಪ್ರೋಟೀನ್ ಗುಂಪಿನ ಕಡೆ ಹಿಂದಕ್ಕೆ ತಳ್ಳುತ್ತದೆ. ಅವು ಹುಟ್ಟುವುದು ಅಲ್ಲೇ. 2014ರ ಸಂಶೋಧನೆ ಇದನ್ನು ತೋರಿಸಿತು.

ರಕ್ತ ವಾಪಸ್ ಬಂದ ಮೇಲೆ ಕಾಣುವ ಸ್ಟನ್ನಿಂಗ್ ಬೇರೆ. ಅಲ್ಲಿ ಕೋಶ ಬದುಕಿದೆ, ಸಂಕುಚನ ಮಾತ್ರ ಮಂದ. ದಿನ ಅಥವಾ ವಾರಗಳಲ್ಲಿ ಸರಿಹೋಗುತ್ತದೆ. ನೋ-ರಿಫ್ಲೋದಲ್ಲಿ ದೊಡ್ಡ ನಾಳ ತೆರೆದರೂ ಸಣ್ಣ ನಾಳಗಳಲ್ಲಿ ರಕ್ತ ಹರಿಯುವುದಿಲ್ಲ.

ಇದನ್ನೆಲ್ಲ ಓದಿ ನಾಳ ನಿಧಾನವಾಗಿ ತೆರೆದರಾಯಿತು ಅಂತ ದಯವಿಟ್ಟು ತಿಳಿಯಬೇಡಿ. ತೆರೆಯದಿದ್ದರೆ ಸಾಯುವ ಸ್ನಾಯು ಇದಕ್ಕಿಂತ ಜಾಸ್ತಿ. ಮುಳಬಾಗಿಲಿನಲ್ಲಿ ಎದೆನೋವು ಬಂದವರು ಬೆಂಗಳೂರು ತಲುಪುವಷ್ಟರಲ್ಲಿ ಎಷ್ಟು ಹೊತ್ತು ಕಳೆದಿರುತ್ತದೆ, ನಮಗೇ ಗೊತ್ತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಕೊಡುವ ಹೃದಯ ಜ್ಯೋತಿ ಯೋಜನೆ ಬಂದಿದ್ದು ಅದಕ್ಕೇ.

ಪಿಎಚ್ ಕಥೆ ಅರ್ಥವಾದರೆ, ರಕ್ತವನ್ನು ಬಿಟ್ಟು ಬಿಟ್ಟು ಹರಿಸುವ ಪೋಸ್ಟ್‌ಕಂಡೀಷನಿಂಗ್ ಸುಲಭ. 2003ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ರಕ್ತವನ್ನು 30 ಸೆಕೆಂಡ್ ಬಿಟ್ಟು, 30 ಸೆಕೆಂಡ್ ತಡೆದು, ಹೀಗೆ ಮೂರು ಸಲ ಮಾಡಿದರು. ಸತ್ತ ಸ್ನಾಯು ಕಡಿಮೆಯಾಯಿತು. ಆಮ್ಲ ಇನ್ನಷ್ಟು ಹೊತ್ತು ಉಳಿದು ರಂಧ್ರ ಮುಚ್ಚಿರುತ್ತದೆ ಅನ್ನುವುದು ಇದಕ್ಕೊಂದು ಮುಖ್ಯ ವಿವರಣೆ. ಮನುಷ್ಯರಲ್ಲಿ ದೊಡ್ಡ ಪ್ರಯೋಗಗಳು ಇಷ್ಟು ಚೆನ್ನಾಗಿ ಫಲಿಸಲಿಲ್ಲ. ಆ ರಂಧ್ರವನ್ನೇ ತಡೆಯುವ ಸೈಕ್ಲೋಸ್ಪೋರಿನ್ ಕೂಡ 2015ರ ಸರ್ಕಸ್ ಹೆಸರಿನ ಪ್ರಯೋಗದಲ್ಲಿ ರೋಗಿಗಳಿಗೆ ಲಾಭ ತೋರಿಸಲಿಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಔಷಧ ಕೇಳಿದರೆ, ಈ ಇಂಜುರಿಗೆಂದೇ ಸಾಬೀತಾದ ಔಷಧ ಇಲ್ಲ ಅಂತ ಧೈರ್ಯವಾಗಿ ಹೇಳಿ, ಕಾರಣ ಕೇಳಿದರೆ ಮೇಲಿನ ಬಾಣದ ಸಾಲು ಬರೆದು ತೋರಿಸಿ.