ತುಂಗಭದ್ರೆ ಹೊತ್ತು ತರುವ ಮಣ್ಣು

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರಾವರಿ ಎಂಜಿನಿಯರ್ ಆಗಿ ಓಡಾಡಿದ ನನಗೆ ಕಾಲುವೆಯ ಕೊನೆಭಾಗದ ರೈತರು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಡ್ಯಾಮಿನ ಹೂಳು ಯಾವಾಗ ತೆಗೆಸುತ್ತೀರಿ?’ ಅವರ ಸಿಟ್ಟು ನ್ಯಾಯವಾದದ್ದು. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟು ಮುಗಿದಾಗ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. ಕಳೆದುಹೋದ ಆ 27 ಟಿಎಂಸಿ ಇದ್ದಿದ್ದರೆ ಎಷ್ಟೋ ಗದ್ದೆಗಳಲ್ಲಿ ಎರಡನೇ ಬೆಳೆಗೆ ಆಕಾಶ ನೋಡುವ ಪಾಡು ಇರುತ್ತಿರಲಿಲ್ಲ.

ನಾನು ಅವರ ಮುಂದೆ ನೆಲದ ಮೇಲೆ ಕೂತು ಲೆಕ್ಕ ಹಾಕಿ ತೋರಿಸುತ್ತಿದ್ದೆ. ಮೀಟರಿನ ಲೆಕ್ಕದಲ್ಲಿ ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. 27 ಟಿಎಂಸಿ ಹೂಳನ್ನು ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗೆ ತುಂಬಿದರೆ ಏಳೂವರೆ ಕೋಟಿ ಲೋಡು. ದಿನಕ್ಕೆ ಸಾವಿರ ಲೋಡು ಹೊರಗೆ ಹಾಕಿದರೂ ಇನ್ನೂರು ವರ್ಷ ಬೇಕು, ಅಷ್ಟರಲ್ಲಿ ಹೊಸ ಹೂಳು ಬಂದು ಕೂರುತ್ತದೆ. ತೆಗೆದ ಮಣ್ಣನ್ನು ಸುರಿಯುವುದೆಲ್ಲಿ ಎಂಬುದಕ್ಕೂ ಉತ್ತರವಿಲ್ಲ. ಲೆಕ್ಕ ಮುಗಿದ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಆಗ ಹಿರಿಯರೊಬ್ಬರು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಹಾಗಾದರೆ ಇಷ್ಟು ಮಣ್ಣು ಯಾರ ಹೊಲದ್ದು?’

ಉತ್ತರಕ್ಕೆ ಹೊಳೆಯ ದಾರಿಯನ್ನೇ ಹಿಡಿದು ಬರಬೇಕು. ತುಂಗೆ, ಭದ್ರೆ ಎರಡೂ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದ ಶೋಲೆಕಾಡಿನಲ್ಲಿ, ಅಂದರೆ ಬೆಟ್ಟದ ಕಣಿವೆಗಳ ದಟ್ಟ ಹಸಿರು ಕಾಡಿನಲ್ಲಿ, ಹುಟ್ಟುತ್ತವೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹಿಂದಿನವರು ಹೇಳಿದ್ದರಲ್ಲಿ ಕಾಡಿನ ಪಾಲೂ ಇದೆ. ಬೇರು ಮಣ್ಣನ್ನು ಹಿಡಿದಿರುವ ಕಡೆ ಮಳೆನೀರು ತಿಳಿಯಾಗಿಯೇ ಇಳಿಯುತ್ತದೆ. ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಎರಡೂ ಸೇರಿ ಬಯಲಿಗೆ ಬರುತ್ತವೆ. ಮುಂದೆ ಹರಿಹರ, ಆಮೇಲೆ ಗಳಗನಾಥದಲ್ಲಿ ವರದೆಯ ಸಂಗಮ. ಇಲ್ಲಿಂದ ಹೊಸಪೇಟೆಯವರೆಗೆ ಎರಡೂ ದಂಡೆಗೆ ಉಳುಮೆಯ ನೆಲ. ಮುಂಗಾರಿನ ಮೊದಲ ಹೊಡೆತಕ್ಕೆ ಬಿತ್ತಲು ಹದಮಾಡಿದ ಹೊಲದ ಮೇಲ್ಮಣ್ಣು ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ. ಹೊಳೆ ಜಲಾಶಯ ಮುಟ್ಟಿ ವೇಗ ಕಳೆದುಕೊಂಡ ಕೂಡಲೇ ಹೊತ್ತದ್ದನ್ನು ಇಳಿಸಿಬಿಡುತ್ತದೆ.

ಅಣೆಕಟ್ಟಿನ ಕೆಳಗೆ ನದಿ ಹಂಪಿಯ ಗ್ರಾನೈಟ್ ಗುಡ್ಡಗಳ ನಡುವೆ ನುಗ್ಗುತ್ತದೆ. ಈ ಬಂಡೆ, ಈ ನೀರು ಎರಡನ್ನೂ ನಂಬಿ ಜನ ಇಲ್ಲಿ ಸಾವಿರಾರು ವರ್ಷದಿಂದ ಬಾಳಿದ್ದಾರೆ. ಬಳ್ಳಾರಿ ಬಳಿಯ ಕುಡತಿನಿಯ ಬೂದಿದಿಬ್ಬ, ಸಗಣಿ ಸುಟ್ಟ ಬೂದಿಯ ಗುಡ್ಡೆ, ನವಶಿಲಾಯುಗದ ದನಗಾಹಿಗಳದು. ಕೊಪ್ಪಳದಲ್ಲಿ, ಮಸ್ಕಿಯಲ್ಲಿ ಅಶೋಕನ ಶಾಸನಗಳಿವೆ. ಕೃಷ್ಣಾ–ತುಂಗಭದ್ರೆಯರ ನಡುವಿನ ರಾಯಚೂರು ದೋಆಬಿಗಾಗಿ ವಿಜಯನಗರವೂ ಬಹಮನಿಗಳೂ ತಲೆಮಾರುಗಟ್ಟಲೆ ಕಾದಾಡಿದರು.

ನನ್ನ ಮನಸ್ಸು ನಿಲ್ಲುವುದು ಹಂಪಿಯಲ್ಲಿ ವಿಜಯನಗರದ ಕಾಲದ, ‘ತುರ್ತು’ ಎಂಬ ಹೆಸರಿನ ಕಾಲುವೆಗೆ ನೀರು ತಿರುಗಿಸುವ ತಗ್ಗು ಒಡ್ಡಿನ, ಅಂದರೆ ಅಣೆಯ ಬಳಿ. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಮೇಲೆ ನಡೆದು ನೋಡಬೇಕು. ನದಿಗೆ ಅಡ್ಡಲಾಗಿ ಒಂದೇ ಗೋಡೆಯಿಲ್ಲ. ಹೊಳೆಯೊಳಗೆ ಮೊದಲೇ ಇರುವ ಬಂಡೆಗಳ ನಡುವಿನ ಸಂದುಗಳನ್ನಷ್ಟೇ ಒರಟು ಕಲ್ಲುಗಳಿಂದ ಮುಚ್ಚಿದ್ದಾರೆ. ಕಲ್ಲು ಸೀಳಲು ಬೆಣೆ ಹೊಡೆದ ಗುಳಿಗಳ ಸಾಲು ಬೆರಳಿಗೆ ಸಿಗುತ್ತದೆ. ಪ್ರವಾಹ ಬಂದರೆ ಅಣೆಯ ತಲೆಯ ಮೇಲೆ ಹಾದುಹೋಗುತ್ತದೆ, ಮಣ್ಣೂ ಅದರ ಜೊತೆಗೇ ಹೊರಡುತ್ತದೆ. ಕಾಲುವೆಗೆ ಬೇಕಾದಷ್ಟು ನೀರು ಮಾತ್ರ ಪಕ್ಕಕ್ಕೆ ತಿರುಗುತ್ತದೆ. ವಿಜಯನಗರ ಪಾಳಾದರೂ ಈ ಕಾಲುವೆ ಬತ್ತಲಿಲ್ಲ, ಇವತ್ತಿಗೂ ಹಂಪಿಯ ಬಾಳೆ ತೋಟಗಳಿಗೆ ನೀರು ಕೊಡುತ್ತಿದೆ.

ಹಾಗೆಂದು ಅಣೆಯೇ ಸಾಕಿತ್ತು, ಅಣೆಕಟ್ಟು ಬೇಡವಿತ್ತು ಎಂದು ನಾನು ಹೇಳಲಾರೆ. ಅಣೆ ಹರಿಯುವ ನೀರನ್ನು ತಿರುಗಿಸುತ್ತದೆಯೇ ಹೊರತು ಬರಗಾಲಕ್ಕೆಂದು ಕೂಡಿಡುವುದಿಲ್ಲ. ರಾಯಚೂರು, ಬಳ್ಳಾರಿಯ ಒಣನೆಲದಲ್ಲಿ ಭತ್ತ ತೂಗುತ್ತಿರುವುದು ಸುರ್ಕಿ ಗಾರೆಯಲ್ಲಿ (ಸುಟ್ಟ ಇಟ್ಟಿಗೆಪುಡಿ ಬೆರೆಸಿದ ಗಾರೆ) ಕಲ್ಲು ಕಟ್ಟಿ ನಿಲ್ಲಿಸಿದ ಈ ಅಣೆಕಟ್ಟಿನಿಂದ. ಆದರೆ ಕೂಡಿಡುವವನು ಕಾಯಲೂಬೇಕು. ಹರಿಹರದ 1424ರ ಶಾಸನ ಹರಿದ್ರಾ ಹಳ್ಳದ ಒಡೆದ ಕಟ್ಟೆಯನ್ನು ಮತ್ತೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ, ದುರಸ್ತಿಯೂ ಆಗ ಕಲ್ಲಿನಲ್ಲಿ ಕೊರೆಯಬೇಕಾದ ಕೆಲಸವಾಗಿತ್ತು. 2024ರ ಆಗಸ್ಟ್ 10ರ ರಾತ್ರಿ ನಮ್ಮ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಗೇಟು ಮುರಿದರೆ ಒಂದೇ ರಾತ್ರಿಯಲ್ಲಿ ಊರಿಗೆಲ್ಲ ತಿಳಿಯುತ್ತದೆ. ಹೂಳು ಸದ್ದಿಲ್ಲದೆ ತುಂಬುತ್ತದೆ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಮಾತಿದೆ, ಕಟ್ಟಲಿ. ಅದರ ಜೊತೆಗೆ ಮೇಲಿನ ಹೊಲಗಳ ಬದು, ಹಳ್ಳದ ದಂಡೆಯ ಮರ, ಇಳಿಜಾರಿಗೆ ಅಡ್ಡಲಾಗಿ ಉಳುವ ಕ್ರಮ ಇವಕ್ಕೂ ನೀರಾವರಿಯ ಹಣ ಸಲ್ಲಬೇಕು. ಇವನ್ನು ಕೃಷಿಯವರ ಕೆಲಸವೆಂದು ನಾವು ಎಂಜಿನಿಯರುಗಳು ಕೈತೊಳೆದುಕೊಂಡದ್ದು ತಪ್ಪು.

ಈ ಮುಂಗಾರಿನಲ್ಲಿ ಹರಿಹರದ ಸೇತುವೆ ದಾಟುವಾಗ ಒಂದು ಗಳಿಗೆ ನಿಂತು ನೋಡಿ. ಮೊದಲ ಕೆನ್ನೀರು ಬಂದ ದಿನ ಒಂದು ಬಾಟಲಿಯಲ್ಲಿ ಹಿಡಿದು ಕಿಟಕಿಯ ಮೇಲೆ ಇಡಿ. ಬೆಳಗಾಗುವಷ್ಟರಲ್ಲಿ ನೀರು ತಿಳಿಯಾಗಿ, ತಳದಲ್ಲಿ ನುಣ್ಣನೆಯ ಮಣ್ಣು ಕೂತಿರುತ್ತದೆ. ಆ ಹಿರಿಯರು ಕೇಳಿದ್ದು ಅದರ ಬಗ್ಗೆಯೇ.