ಆ್ಯಪ್ 30 ಸೆಂಟಿಮೀಟರ್ ಹಿಮ ಎಂದಿತ್ತು, ಬುಡದಲ್ಲಿ ಬಿದ್ದದ್ದು ಮಳೆ: ಮುನ್ಸೂಚನೆಯಲ್ಲಿ ನೋಡಬೇಕಾದದ್ದು ಏನು?

ಪ್ರಶ್ನೆ: ಸ್ಕೀ ತಾಣಕ್ಕೆ ಹೊರಡುವ ಹಿಂದಿನ ದಿನ ಆ್ಯಪ್‌ನಲ್ಲಿ ‘ನಾಳೆ 30 ಸೆಂ.ಮೀ. ಹೊಸ ಹಿಮ’ ಎಂದಿತ್ತು. ಇನ್ನೊಂದು ಆ್ಯಪ್ ಅದೇ ಬೆಟ್ಟಕ್ಕೆ 12 ಸೆಂ.ಮೀ. ಎನ್ನುತ್ತಿತ್ತು. ಹೋಗಿ ನೋಡಿದರೆ ಬುಡದಲ್ಲಿ ಮಳೆ, ನಡುವಿನಲ್ಲಿ ಒದ್ದೆ ಹಿಮ, ತುದಿಯಲ್ಲಿ ಮಾತ್ರ ಹೇಳಿದಷ್ಟು. ಯಾವ ಅಂಕಿಯನ್ನು ನಂಬಬೇಕು?

ಉತ್ತರ: ಸೆಂಟಿಮೀಟರ್ ಅಂಕಿಯನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದವು ಎರಡು: ಒಟ್ಟು ಎಷ್ಟು ಮಿಲಿಮೀಟರ್ ನೀರು ಬೀಳಲಿದೆ, ಮತ್ತು ಆ ಹೊತ್ತಿನಲ್ಲಿ ಸೊನ್ನೆ ಡಿಗ್ರಿ ಯಾವ ಎತ್ತರದಲ್ಲಿರುತ್ತದೆ. ಹವಾಮಾನ ಮಾಡೆಲ್‌ಗಳ, ಅಂದರೆ ಮುಂದಿನ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳ, ಕೈ ಪಳಗಿರುವುದು ಇವೆರಡರಲ್ಲಿ. ಹಿಮದ ದಪ್ಪವೆಂಬುದು ಇವುಗಳ ಮೇಲೆ ಕಟ್ಟಿದ ಇನ್ನೊಂದು ಅಂದಾಜು. ಎರಡು ಆ್ಯಪ್‌ಗಳು ಒಂದೇ ಮಾಡೆಲ್‌ನಿಂದ ಒಂದೇ ನೀರಿನ ಲೆಕ್ಕ ಪಡೆದು, ಬೇರೆ ಬೇರೆ ಎತ್ತರಕ್ಕೆ ಬೇರೆ ಬೇರೆ ಸೂತ್ರದಿಂದ ಗುಣಿಸಿ, ಒಂದು 12 ಎಂದೂ ಇನ್ನೊಂದು 30 ಎಂದೂ ಹೇಳಬಹುದು. ಎರಡೂ ತಮ್ಮ ಮಟ್ಟಿಗೆ ಸರಿಯೇ.

ನೀರು ಹಿಮವಾಗುವಾಗ

ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ನೀರು ಬಿತ್ತೆಂದರೆ ಅದರ ತೂಕ 1 ಕಿಲೋ. ಮಳೆಯಾಗಿ ಬಿದ್ದರೂ ಹಿಮವಾಗಿ ಬಿದ್ದರೂ ಈ ತೂಕ ಅಷ್ಟೇ. ಬದಲಾಗುವುದು ಹಿಮ ತನ್ನ ಹರಳುಗಳ ನಡುವೆ ಹಿಡಿದಿಟ್ಟುಕೊಳ್ಳುವ ಗಾಳಿ. ಒಂದೇ ತೂಕದ ಹತ್ತಿಯನ್ನು ಹಿಂಜಿ ಹರಡುವುದಕ್ಕೂ ಅದುಮಿ ಕಟ್ಟುವುದಕ್ಕೂ ಇರುವ ವ್ಯತ್ಯಾಸದಂತೆ. ರೂಢಿಯ ಲೆಕ್ಕ ಒಂದಕ್ಕೆ ಹತ್ತು. 10 ಮಿ.ಮೀ. ನೀರಿಗೆ 10 ಸೆಂ.ಮೀ. ಹಿಮ, ಅಂದರೆ ಮಿಲಿಮೀಟರಿನ ಅಂಕಿಯೇ ಸೆಂಟಿಮೀಟರಿನ ಅಂಕಿ. ನೆನಪಿಡಲು ಸುಲಭ, ಆದರೆ ನಿಸರ್ಗ ಈ ಸುಲಭಕ್ಕೆ ಕಟ್ಟುಬಿದ್ದಿಲ್ಲ. ಕರಗುವ ಅಂಚಿನಲ್ಲಿರುವ ಹಿಮ ಒಂದಕ್ಕೆ ಐದಾರರಷ್ಟೇ ಉಬ್ಬುತ್ತದೆ. ತಣ್ಣನೆಯ, ಗಾಳಿಯಿಲ್ಲದ ಹೊತ್ತಿನಲ್ಲಿ ಬಿದ್ದದ್ದು ಒಂದಕ್ಕೆ ಇಪ್ಪತ್ತು, ಅಪರೂಪಕ್ಕೆ ಮೂವತ್ತರವರೆಗೂ ಹೋಗುತ್ತದೆ.

ಚಳಿ ಹೆಚ್ಚಿದಷ್ಟೂ ಹಿಮ ಹಗುರ ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಕವಲೊಡೆದ ನಕ್ಷತ್ರದಾಕಾರದ ಹರಳು ಬೆಳೆಯುವುದು ಮೋಡದೊಳಗೆ ಮೈನಸ್ 12ರಿಂದ ಮೈನಸ್ 18 ಡಿಗ್ರಿಯ ಪಟ್ಟಿಯಲ್ಲಿ. ಮೈನಸ್ 15ರ ಆಸುಪಾಸಿನಲ್ಲಿ ಅದರ ಬೆಳವಣಿಗೆ ಅತಿ ವೇಗ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಉಕಿಚಿರೊ ನಕಾಯಾ 1936ರಲ್ಲಿ ಮೊದಲ ಬಾರಿಗೆ ಪ್ರಯೋಗಾಲಯದಲ್ಲೇ ಹಿಮದ ಹರಳನ್ನು ಬೆಳೆಸಿದರು. ಉಷ್ಣತೆ ಮತ್ತು ತೇವಾಂಶಕ್ಕೆ ತಕ್ಕಂತೆ ಹರಳಿನ ಆಕಾರ ಹೇಗೆ ಬದಲಾಗುತ್ತದೆ ಎಂಬ ನಕ್ಷೆ ಅವರ ಆ ಕೆಲಸದಿಂದಲೇ ಹುಟ್ಟಿತು. ಉಷ್ಣತೆ ಇನ್ನೂ ಇಳಿದರೆ ಹರಳುಗಳು ಸಣ್ಣ ಬಿಲ್ಲೆ, ಕಂಬಗಳಾಗಿ ಒತ್ತೊತ್ತಾಗಿ ಕೂರುತ್ತವೆ, ಉಬ್ಬು ಕಡಿಮೆಯಾಗುತ್ತದೆ. ಆದ್ದರಿಂದ ನೆಲದ ಉಷ್ಣತೆಗಿಂತ, ಮೋಡದಲ್ಲಿ ಗಾಳಿ ಜೋರಾಗಿ ಮೇಲೇರುವ ಪದರದ ಉಷ್ಣತೆ ಮುಖ್ಯ. ಬೀಳುವಾಗ ಗಾಳಿ ಬಿರುಸಾಗಿದ್ದರೆ ಹರಳಿನ ಕವಲುಗಳು ಮುರಿದು ಪುಡಿಯಾಗುತ್ತವೆ. ಆಗ ಒಂದಕ್ಕೆ ಹದಿನೈದು ಎಂದುಕೊಂಡದ್ದು ಒಂದಕ್ಕೆ ಎಂಟಾಗಿ ನೆಲ ಸೇರುತ್ತದೆ.

ಸಮುದ್ರದ ಗಾಳಿಗೆ ಮೈಯೊಡ್ಡಿದ ಬೆಟ್ಟಗಳಲ್ಲಿ ಹಿಮ ಹೇರಳ, ಆದರೆ ಭಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ಬೇಕರ್ ಸ್ಕೀ ತಾಣದಲ್ಲಿ 1998–99ರ ಒಂದೇ ಋತುವಿನಲ್ಲಿ 2,896 ಸೆಂ.ಮೀ. ಹಿಮ ದಾಖಲಾಯಿತು, ವಿಶ್ವ ದಾಖಲೆ ಅದು. ಇನ್ನೊಂದೆಡೆ ಸೈಬೀರಿಯಾದ ಕೊರೆಯುವ ಗಾಳಿ ಜಪಾನ್ ಸಮುದ್ರದ ಮೇಲೆ ಹಾಯ್ದು, ತೇವ ಹೀರಿ, ಹೊಕ್ಕೈಡೊ ಬೆಟ್ಟಗಳನ್ನು ಏರುವಾಗ ಅದರ ಮೋಡಗಳು ನಕ್ಷತ್ರದ ಹರಳಿಗೆ ಬೇಕಾದ ಚಳಿಯಲ್ಲೇ ಇರುತ್ತವೆ. ಪುಡಿಯಂತೆ ಹಗುರವಾದ ಅಲ್ಲಿನ ‘ಪೌಡರ್’ ಹಿಮದ ಹೆಸರಿನ ಹಿಂದಿರುವುದು ಇದೇ.

ಸೊನ್ನೆಯ ಗೆರೆ ಬೇರೆ, ಹಿಮದ ಗೆರೆ ಬೇರೆ

ಬುಡದಲ್ಲಿ ಮಳೆಯೋ ಹಿಮವೋ ಎಂಬುದನ್ನು ತೀರ್ಮಾನಿಸುವುದು ಇಲ್ಲಿ. ಸೊನ್ನೆ ಡಿಗ್ರಿಯ ಎತ್ತರ ದಾಟಿದ ಕ್ಷಣವೇ ಹಿಮ ಕರಗುವುದಿಲ್ಲ. ಕರಗಲು ಅದಕ್ಕೆ ಹೊತ್ತು ಬೇಕು, ಶಾಖ ಬೇಕು. ಸಾಮಾನ್ಯವಾಗಿ ಸೊನ್ನೆಯ ಗೆರೆಗಿಂತ 200ರಿಂದ 300 ಮೀಟರ್ ಕೆಳಗಿನವರೆಗೂ ಹಿಮವಾಗಿಯೇ ಬರುತ್ತದೆ. ಸೊನ್ನೆ ಡಿಗ್ರಿ 1,800 ಮೀಟರಿನಲ್ಲಿದ್ದರೆ ಹಿಮದ ಗೆರೆ 1,500–1,600 ಮೀಟರ್ ಎಂದು ಎಣಿಸುವುದು ಒಳ್ಳೆಯ ಆರಂಭ.

ಗಾಳಿ ಒಣಗಿದ್ದರೆ ಈ ಗೆರೆ ಇನ್ನೂ ಕೆಳಗಿಳಿಯುತ್ತದೆ. ಬೀಳುವ ಹಿಮದಿಂದ ತೇವ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಕಸಿಯುತ್ತದೆ, ಗಾಳಿ ತಣಿಯುತ್ತದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆಯೇ ಇದರ ಅಳತೆ. ವೆಟ್ ಬಲ್ಬ್ ಉಷ್ಣತೆ ಎನ್ನುವುದು ಇದನ್ನೇ. ಸಾಮಾನ್ಯ ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿದ್ದು ಸಾಪೇಕ್ಷ ಆರ್ದ್ರತೆ ಶೇ. 50 ಇದ್ದರೆ ವೆಟ್ ಬಲ್ಬ್ ಸುಮಾರು ಮೈನಸ್ 1: ಹಿಮ ಬೀಳುತ್ತದೆ. ಅದೇ 2 ಡಿಗ್ರಿಯಿದ್ದು ಆರ್ದ್ರತೆ ಶೇ. 95 ಇದ್ದರೆ ವೆಟ್ ಬಲ್ಬ್ ಒಂದೂವರೆಯ ಆಸುಪಾಸು: ಬಹುಪಾಲು ಮಳೆ. ಥರ್ಮಾಮೀಟರಿನಲ್ಲಿ ಹೆಚ್ಚು ಬೆಚ್ಚಗಿದ್ದ ಜಾಗದಲ್ಲೇ ಹಿಮ, ತಣ್ಣಗಿದ್ದ ಜಾಗದಲ್ಲಿ ಮಳೆ! ವೆಟ್ ಬಲ್ಬ್ ಅರ್ಧ ಡಿಗ್ರಿಗಿಂತ ಕೆಳಗಿದ್ದರೆ ಹಿಮ, ಒಂದೂವರೆ ದಾಟಿದರೆ ಮಳೆ, ನಡುವೆ ಎರಡರ ಕಲಬೆರಕೆ ಎಂದು ಇಟ್ಟುಕೊಳ್ಳಿ. ಕೃತಕ ಹಿಮ ಚಿಮ್ಮಿಸುವ ಯಂತ್ರಗಳ ನಿರ್ವಾಹಕರು ಕಣ್ಣಿಡುವುದೂ ಈ ಅಂಕಿಯ ಮೇಲೆಯೇ. ಅವರಿಗೆ ಸುಮಾರು ಮೈನಸ್ 2 ಅಥವಾ ಅದಕ್ಕಿಂತ ಕೆಳಗೆ ಬೇಕು.

ಮುನ್ಸೂಚನೆಯನ್ನು ಹೆಚ್ಚು ಸಲ ಏಮಾರಿಸುವುದು ಮಾತ್ರ ಕರಗುವಿಕೆಯೇ ತರುವ ತಂಪು. ಒಂದು ಕಿಲೋ ಹಿಮ ಕರಗಲು 334 ಕಿಲೋಜೌಲ್ ಶಾಖ ಬೇಕು. 10 ಮಿ.ಮೀ. ನೀರಿನಷ್ಟು ಹಿಮ ಬೀಳುತ್ತಾ ಪೂರ್ತಿ ಕರಗಿದರೆ, ಹೊಸ ಗಾಳಿ ಬಂದು ಸೇರದ ಪಕ್ಷದಲ್ಲಿ, 1,000 ಮೀಟರ್ ದಪ್ಪದ ಗಾಳಿಯ ಪದರವೊಂದು ಸುಮಾರು 3 ಡಿಗ್ರಿ ತಣಿಯುತ್ತದೆ. ಸುತ್ತ ಗೋಡೆಯಂತೆ ಬೆಟ್ಟಗಳಿರುವ ಕಿರಿದಾದ ಕಣಿವೆಯಲ್ಲಿ ಜೋರು ಮಳೆ ಎರಡು ಮೂರು ಗಂಟೆ ಸುರಿದರೆ ಹಿಮದ ಗೆರೆ ನೂರಾರು ಮೀಟರ್ ಕುಸಿದು ಕಣಿವೆಯ ತಳಕ್ಕೇ ಬಂದುಬಿಡಬಹುದು. ಪಕ್ಕದ ಅಗಲ ಕಣಿವೆಯಲ್ಲಿ ಗಾಳಿ ಬೀಸುತ್ತಾ ಬಿಸಿಯನ್ನು ಮತ್ತೆ ಮತ್ತೆ ತುಂಬುತ್ತದೆ, ಅಲ್ಲಿ ಮಳೆ ಮಳೆಯಾಗಿಯೇ ಉಳಿಯುತ್ತದೆ. ತುಂತುರು ಮಳೆಗೆ ಈ ಶಕ್ತಿ ಇಲ್ಲ. ಹಾಗಾಗಿ ಬುಡದ ಸ್ಥಿತಿ ತೂಗುಯ್ಯಾಲೆಯಲ್ಲಿದ್ದಾಗ ಮಳೆಯ ಬಿರುಸು ಮತ್ತು ಕಣಿವೆಯ ಗಾಳಿ ಎರಡನ್ನೂ ನೋಡಿ.

ಇದಕ್ಕೆ ಉಲ್ಟಾ ಪರಿಸ್ಥಿತಿಯೂ ಇದೆ. ಕಣಿವೆಯ ತಳದಲ್ಲಿ ಚಳಿ ಮಡುಗಟ್ಟಿ, ಅದರ ಮೇಲೆ ಬೆಚ್ಚನೆಯ ಪದರ ಹಾಯ್ದರೆ ಮೇಲೆ ಕರಗಿದ ಹನಿ ಕೆಳಗೆ ನೆಲ ಮುಟ್ಟಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಆಗ ‘ಬುಡದಲ್ಲಿ ಮೈನಸ್ 2’ ಎಂಬ ಒಂದೇ ಅಂಕಿಯನ್ನು ನೋಡಿ ಹಿಮವೆಂದುಕೊಂಡರೆ ತಪ್ಪು. ವಿಶ್ವಮಾನ ಕಾಲ 00 ಮತ್ತು 12 ಗಂಟೆಗೆ ಹಾರಿಸುವ ಹವಾಮಾನ ಬಲೂನುಗಳ ದಾಖಲೆ ನಿಮ್ಮ ಬೆಟ್ಟದ ಸಮೀಪದಲ್ಲಿ ಸಿಗುವುದಾದರೆ ಎತ್ತರಕ್ಕೆ ತಕ್ಕ ಉಷ್ಣತೆಯ ಪೂರ್ತಿ ಚಿತ್ರ ಅದರಲ್ಲಿದೆ.

ಮಾಡೆಲ್‌ನ ಬೆಟ್ಟ ಬೇರೆ

ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರವಾದ ಇಸಿಎಂಡಬ್ಲ್ಯುಎಫ್‌ನ ಜಾಗತಿಕ ಮಾಡೆಲ್ ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ಕಾಣುತ್ತದೆ, ಅಮೆರಿಕದ ಜಿಎಫ್‌ಎಸ್ ಸುಮಾರು 13 ಕಿ.ಮೀ. ಚೌಕಗಳಾಗಿ. ಅಷ್ಟು ದೊಡ್ಡ ಚೌಕದಲ್ಲಿ ಶಿಖರ ಮತ್ತು ಕಣಿವೆ ಸರಾಸರಿಗೊಂಡು ಒಂದು ದಿಬ್ಬವಾಗುತ್ತವೆ. 3,000 ಮೀಟರಿನ ತುದಿ ಅಲ್ಲಿ 2,200 ಇರಬಹುದು. ಆ್ಯಪ್‌ಗಳು ಈ ಕೊರತೆಯನ್ನು ತುಂಬಲು ಪ್ರತಿ 1,000 ಮೀಟರಿಗೆ 6.5 ಡಿಗ್ರಿಯಂಥ ಸ್ಥಿರ ಇಳಿಕೆ ಹಚ್ಚುವುದುಂಟು. ಮೇಲಿನ ಬೆಚ್ಚನೆಯ ಪದರವಿದ್ದ ದಿನ ಆ ಲೆಕ್ಕ ಪೂರ್ತಿ ಕೆಡುತ್ತದೆ. ಎರಡು ಮೂರು ದಿನಗಳೊಳಗಿನ ವಿಷಯಕ್ಕೆ ಫ್ರಾನ್ಸಿನ ಆರೋಮ್, ಜರ್ಮನಿಯ ಐಕಾನ್-ಡಿ2ನಂಥ ಒಂದೆರಡು ಕಿ.ಮೀ. ಚೌಕದ ಪ್ರಾದೇಶಿಕ ಮಾಡೆಲ್‌ಗಳೇ ವಾಸಿ.

ಅದಕ್ಕಿಂತ ದೂರದ ದಿನಗಳಿಗೆ ಒಂದೇ ಉತ್ತರವನ್ನು ನೆಚ್ಚಲೇಬೇಡಿ. ಇಸಿಎಂಡಬ್ಲ್ಯುಎಫ್‌ನ ಎನ್‌ಸೆಂಬಲ್‌ನಲ್ಲಿ ಆರಂಭದ ಸ್ಥಿತಿಯನ್ನು ತುಸುತುಸು ಬದಲಿಸಿ 51 ಬಾರಿ ಲೆಕ್ಕ ಮಾಡುತ್ತಾರೆ. ಏಳನೆಯ ದಿನಕ್ಕೆ 51ರಲ್ಲಿ 45 ಲೆಕ್ಕಗಳು 15 ಮಿ.ಮೀ. ಮೀರಿದರೆ ರಜೆ ಹಾಕಬಹುದು. ಐದಾರು ಲೆಕ್ಕಗಳು 60 ಮಿ.ಮೀ. ಎಂದು ಉಳಿದವು ಒಣಗಿದ್ದರೆ ಸರಾಸರಿ ಆರೇಳು ಬರುತ್ತದೆ, ಆದರೆ ಆ ಸರಾಸರಿ ಯಾವ ಲೆಕ್ಕದಲ್ಲೂ ಇಲ್ಲದ ಹವಾಮಾನ. ಜಿಎಫ್‌ಎಸ್ 16 ದಿನಗಳವರೆಗೆ ಹೋಗುತ್ತದೆ. ಹತ್ತು ದಿನಗಳಾಚೆ ಅದು ತೋರುವ ಹಿಮದ ನಕ್ಷೆಗಳನ್ನು ನೆಚ್ಚಿ ಹಣ ಕಟ್ಟಬೇಡಿ.

30 ಮಿಲಿಮೀಟರನ್ನು ಕೈಯಲ್ಲೇ ಬಿಡಿಸುವುದು

ಬುಡ 1,200, ನಡು 1,800, ತುದಿ 2,400 ಮೀಟರ್ ಇರುವ ತಾಣವೊಂದನ್ನು ತೆಗೆದುಕೊಳ್ಳಿ. ಮುನ್ಸೂಚನೆ 18 ಗಂಟೆಗೆ 30 ಮಿ.ಮೀ. ಮೊದಲ 8 ಗಂಟೆಗೆ 12 ಮಿ.ಮೀ., ಸೊನ್ನೆಯ ಗೆರೆ 1,900ರಲ್ಲಿ. ಆಮೇಲೆ ಶೀತಮುಖ, ಅಂದರೆ ನುಗ್ಗಿಬರುವ ತಣ್ಣನೆಯ ಗಾಳಿಯ ಮುಂಚೂಣಿ, ಹಾಯ್ದು ಸೊನ್ನೆಯ ಗೆರೆ 1,200ಕ್ಕಿಳಿಯುತ್ತದೆ, ಉಳಿದ 18 ಮಿ.ಮೀ. ಆಗ ಬೀಳುತ್ತದೆ.

ತುದಿಯಲ್ಲಿ ಮೊದಲ ಭಾಗ ಸುಮಾರು ಮೈನಸ್ 3 ಡಿಗ್ರಿಯಲ್ಲಿ: ಒಂದಕ್ಕೆ ಹತ್ತರಂತೆ 12 ಸೆಂ.ಮೀ. ಎರಡನೆಯದು ಮೈನಸ್ 7ರ ಹತ್ತಿರ: ಒಂದಕ್ಕೆ ಹದಿನಾಲ್ಕರಂತೆ 25 ಸೆಂ.ಮೀ. ಒಟ್ಟು 37, ತನ್ನ ಭಾರಕ್ಕೆ ತಾನೇ ಕುಸಿಯುವುದನ್ನು ಶೇ. 15ರಷ್ಟು ಕಳೆದರೆ ಸುಮಾರು 31. ನಡುವಿನಲ್ಲಿ ಮೊದಲ ಭಾಗ ಸೊನ್ನೆಗಿಂತ ತುಸು ಮೇಲೆ, ಒದ್ದೆ: 8 ಸೆಂ.ಮೀ. ಎರಡನೆಯದು 18. ಕುಸಿತ ಕಳೆದು 22. ಬುಡದಲ್ಲಿ ಮೊದಲ 12 ಮಿ.ಮೀ. ಪೂರ್ತಿ ಮಳೆ. ಶೀತಮುಖದ ನಂತರವೂ ಮೊದಲ ಮೂರ್ನಾಲ್ಕು ಮಿಲಿಮೀಟರ್ ಒದ್ದೆ ನೆಲದಲ್ಲಿ ಕರಗಿ ಹೋಗುತ್ತದೆ. ಉಳಿದ 14ಕ್ಕೆ ಒಂದಕ್ಕೆ ಏಳರಂತೆ 10 ಸೆಂ.ಮೀ. ಒಂದು ಆ್ಯಪ್ ತುದಿಯನ್ನು ತೋರಿಸಿತು, ಇನ್ನೊಂದು ಬುಡವನ್ನು. ಪ್ರಶ್ನೆಯಲ್ಲಿದ್ದ 30 ಮತ್ತು 12ರಂಥ ಅಂಕಿಗಳು ಬರುವುದು ಹೆಚ್ಚುಕಡಿಮೆ ಹೀಗೆ.

ಶೀತಮುಖ ಮೂರು ಗಂಟೆ ತಡವಾದರೆ ಬುಡದ 10 ಸೆಂ.ಮೀ. ಅರ್ಧಕ್ಕಿಳಿಯಬಹುದು, ತುದಿಯ ಅಂಕಿ ಹೆಚ್ಚೇನೂ ಅಲುಗದು. ಕೆಳಗಿನ ಎತ್ತರಗಳ ಅಂಕಿ ಸದಾ ಹೆಚ್ಚು ಅಸ್ಥಿರವಾಗಿರಲು ಕಾರಣ ಇದು.

ಇದೇ ಉದಾಹರಣೆಯಲ್ಲಿ ಇನ್ನೊಂದು ಸಂಗತಿ: ಭಾರದ ಹಿಮ ಕೆಳಗೆ, ಹಗುರದ್ದು ಮೇಲೆ. ಸ್ಕೀಗೆ ಇದು ಸೊಗಸಾದ ಕ್ರಮ. ಬಿರುಗಾಳಿಯ ನಡುವೆ ಉಷ್ಣತೆ ಏರಿದರೆ ಹಗುರದ ಮೇಲೆ ಭಾರ ಕೂರುತ್ತದೆ, ಸ್ಕೀ ಸಿಕ್ಕಿಕೊಳ್ಳುತ್ತದೆ, ಹಿಮಕುಸಿತದ ಅಪಾಯವೂ ಏರುತ್ತದೆ. ಗುರುತಿಸಿದ ಹಾದಿಗಳಾಚೆ, 30 ಡಿಗ್ರಿಗಿಂತ ಕಡಿದಾದ ಇಳಿಜಾರಿಗೆ ಹೋಗುವವರು ಹೊಸ ಹಿಮದ ಅಂಕಿಗಿಂತ ಮೊದಲು ಹಿಮಕುಸಿತದ ಪ್ರಕಟಣೆ ಓದಬೇಕು. ಯುರೋಪಿನ ಐದು ಹಂತಗಳ ಮಾಪನದಲ್ಲಿ ಮೂರನೆಯದನ್ನು ‘ನಡುವಿನದು’ ಎಂದು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸಾವುಗಳು ಹೆಚ್ಚು ಸಂಭವಿಸುವುದು ಆ ಹಂತದಲ್ಲೇ.

ಹವಾಮಾನ ಬದಲಾವಣೆಗೂ ಈ ಗೆರೆಯ ಲೆಕ್ಕ ಅನ್ವಯಿಸುತ್ತದೆ. 1 ಡಿಗ್ರಿ ಬಿಸಿಯೇರಿದರೆ ಸೊನ್ನೆಯ ಗೆರೆ ಸುಮಾರು 150 ಮೀಟರ್ ಮೇಲೇರುತ್ತದೆ, ಗಾಳಿ ಹಿಡಿದಿಡಬಲ್ಲ ಆವಿ ಶೇ. 7ರಷ್ಟು ಹೆಚ್ಚುತ್ತದೆ. ಮೇಲಿನ ಉದಾಹರಣೆಯ ಬುಡದಲ್ಲಿ ಅಷ್ಟು ಏರಿಕೆ ಹಿಮವನ್ನೆಲ್ಲ ಒದ್ದೆ ಕಲಬೆರಕೆಯಾಗಿಸಬಲ್ಲದು, ತುದಿಯಲ್ಲಿ ಅದೇ ಬಿರುಗಾಳಿ ಇನ್ನಷ್ಟು ಸುರಿಸಬಲ್ಲದು. ಹಾಗಾಗಿ ಒಂದು ತುದಿಯ ಒಂದು ದಾಖಲೆ ಹಿಮಪಾತ ತೋರಿಸಿ ತಾಪಮಾನ ಏರಿಕೆಯನ್ನು ಅಲ್ಲಗಳೆಯಲಾಗದು. ಪ್ರವೃತ್ತಿ ಕಾಣಬೇಕಾದರೆ ಸ್ವಿಟ್ಜರ್ಲೆಂಡಿನ ದಾವೋಸ್ ಬಳಿಯ ವೈಸ್‌ಫ್ಲುಯೋಖ್‌ನಂಥ, 2,536 ಮೀಟರ್ ಎತ್ತರದಲ್ಲಿ 1936ರಿಂದ ನಡೆದುಬಂದ ಅಳತೆಗಳನ್ನು ಕೆಳಗಿನ ಕೇಂದ್ರಗಳ ಜೊತೆ ಇಟ್ಟು ನೋಡಬೇಕು.

ಮರುದಿನ ಬೆಳಿಗ್ಗೆ ಮುನ್ಸೂಚನೆಯನ್ನು ಪರೀಕ್ಷಿಸುವಾಗಲೂ ಎಚ್ಚರ ಬೇಕು. ಗಾಳಿ ತಾಗದ ಬಯಲಲ್ಲಿ ಬಿಳಿ ಬಣ್ಣ ಬಳಿದ ಹಲಗೆಯೊಂದನ್ನಿಟ್ಟು, 24 ಗಂಟೆಗೊಮ್ಮೆ ಅಳೆದು ಒರೆಸುವುದು ಸರಿಯಾದ ಕ್ರಮ. ಗಂಟೆಗೊಮ್ಮೆ ಒರೆಸಿ ಕೂಡಿಸಿದರೆ ಹಿಮ ಕುಸಿಯಲು ಅವಕಾಶವೇ ಇಲ್ಲದೆ ಮೊತ್ತ ಸುಳ್ಳಾಗಿ ಹಿಗ್ಗುತ್ತದೆ. ಅಳೆದ ಹಿಮವನ್ನು ನೇರ ಗೋಡೆಯ ಪಾತ್ರೆಯೊಂದರಿಂದ ಕೊರೆದು ತೆಗೆದು ಕರಗಿಸಿ, ನೀರಿನ ಎತ್ತರವನ್ನೂ ಬರೆದಿಡಿ. ಹತ್ತು ಹದಿನೈದು ಹಿಮಪಾತಗಳ ದಾಖಲೆ ಸೇರಿದರೆ ಆ ಜಾಗದಲ್ಲಿ ಒಂದಕ್ಕೆ ಎಷ್ಟು, ಯಾವ ದಿಕ್ಕಿನ ಗಾಳಿಗೆ ಮಾಡೆಲ್ ನೀರನ್ನು ಹೆಚ್ಚು ಹೇಳುತ್ತದೆ, ಯಾವುದಕ್ಕೆ ಕಡಿಮೆ ಎಂಬುದು ನಿಮ್ಮ ಕೈಗೇ ಸಿಗುತ್ತದೆ.