ಹಳದಿ ಹಲ್ಲಿನ ಮಗುವಿಗೆ ಕಿಡ್ನಿ ಸ್ಕ್ಯಾನ್ ಯಾಕೆ?

ಕೋಲಾರ, ಪಾವಗಡ ಕಡೆಯಿಂದ ಹಳದಿ ಹಲ್ಲಿನ ಮಗು ಬಂದರೆ ನಾವು ದಂತ ವೈದ್ಯರು ಮೊದಲು ಕೇಳುವುದು ಬೋರ್‌ವೆಲ್ ನೀರಿನ ಬಗ್ಗೆ. ಫ್ಲೋರೈಡ್ ಅಂತ ಬರೆದು ಕಳಿಸಿಬಿಡುತ್ತೇವೆ. ಬಹಳ ಸಲ ಅದು ಸರಿಯೇ. ಆದರೆ ಎಲ್ಲೋ ಒಂದು ಮಗುವಿಗೆ ಬೇರೆಯದೇ ಕಾಯಿಲೆ ಇರುತ್ತದೆ. ಅದನ್ನು ಮೊದಲು ನೋಡುವವರು ನಾವೇ, ಹಾಗಾಗಿ ಹಿಡಿಯಬೇಕಾದವರೂ ನಾವೇ.

ಅದು ಎನಾಮೆಲ್ ರೀನಲ್ ಸಿಂಡ್ರೋಮ್, ಅಂದರೆ ಎನಾಮೆಲ್ (ಹಲ್ಲಿನ ಮೇಲಿನ ಗಟ್ಟಿ ಹೊದಿಕೆ) ಮತ್ತು ಕಿಡ್ನಿ ಎರಡನ್ನೂ ಕಾಡುವಂಥದ್ದು. ಫ್ಯಾಮ್20ಎ ಎಂಬ ಜೀನ್‌ನಲ್ಲಿ ದೋಷವಿದ್ದರೆ ಬರುವ, ತುಂಬಾ ಅಪರೂಪದ ಕಾಯಿಲೆ. ಫ್ಲೋರೈಡ್‌ನಿಂದಾದರೆ ಹಲ್ಲಿನ ಮೇಲೆ ಎನಾಮೆಲ್ ಇರುತ್ತದೆ, ಬಿಳಿ ಮಚ್ಚೆಯೋ ಕಂದು ಕಲೆಯೋ ಕಾಣುತ್ತದೆ, ಹಾಲು ಹಲ್ಲಿಗೆ ಅಷ್ಟು ತೊಂದರೆ ಇರುವುದಿಲ್ಲ. ಈ ಕಾಯಿಲೆಯಲ್ಲಿ ಹಾಲು ಹಲ್ಲು, ಶಾಶ್ವತ ಹಲ್ಲು ಎರಡರಲ್ಲೂ ಎನಾಮೆಲ್ ತೀರಾ ತೆಳು, ಅಥವಾ ಇರುವುದೇ ಇಲ್ಲ. ಹಲ್ಲು ಸಣ್ಣ, ನಡುವೆ ಸಂದು, ವಸಡು ದಪ್ಪ. ಹುಟ್ಟುವ ವಯಸ್ಸು ದಾಟಿದರೂ ಕೆಲವು ಹಲ್ಲು ಹುಟ್ಟಿರುವುದಿಲ್ಲ, ಪೂರ್ತಿ ದವಡೆಯ ಎಕ್ಸ್‌ರೇ ತೆಗೆದರೆ ಎಲ್ಲ ಒಳಗೇ ಕೂತಿರುತ್ತವೆ.

ಇಷ್ಟು ಕಂಡರೆ ನಾನು ಕಿಡ್ನಿಯ ಅಲ್ಟ್ರಾಸೌಂಡ್ ಬರೆಯುತ್ತೇನೆ. ಹಲ್ಲಿಗೆ ಬಂದವರಿಗೆ ಹೊಟ್ಟೆ ಸ್ಕ್ಯಾನ್ ಯಾಕೆ ಅಂತ ಅಪ್ಪ ಅಮ್ಮ ಗಾಬರಿಯಾಗುತ್ತಾರೆ, ಸಹಜ ಅಲ್ವಾ? ಈ ಮಕ್ಕಳ ಕಿಡ್ನಿಯೊಳಗೆ ಕ್ಯಾಲ್ಸಿಯಂ ಕೂರುತ್ತಾ ಹೋಗುತ್ತದೆ. ನೋವಿಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ, ಹಾಗಾಗಿ ಹುಡುಕದೆ ಸಿಗುವುದಿಲ್ಲ. ಕೆಲವರಿಗೆ ಮುಂದೆ ಕಿಡ್ನಿಯ ಕೆಲಸವೇ ಕುಗ್ಗುತ್ತದೆ. ಅದಕ್ಕೇ ಕಿಡ್ನಿ ವೈದ್ಯರ ಹತ್ತಿರ ಕಾಲಕಾಲಕ್ಕೆ ತೋರಿಸುತ್ತಲೇ ಇರಬೇಕು.

"ನಮ್ಮ ಮನೇಲಿ ಯಾರಿಗೂ ಇಲ್ವಲ್ಲ ಡಾಕ್ಟ್ರೇ" ಅನ್ನುತ್ತಾರೆ. ಇರಬೇಕಿಲ್ಲ. ತಂದೆ ತಾಯಿ ಇಬ್ಬರಲ್ಲೂ ಆ ಜೀನ್‌ನ ದೋಷವಿರುವ ಒಂದೊಂದು ಪ್ರತಿ ಇರುತ್ತದೆ, ಇನ್ನೊಂದು ಪ್ರತಿ ಸರಿ ಇರುವುದರಿಂದ ಅವರ ಹಲ್ಲು ಚೆನ್ನಾಗೇ ಇರುತ್ತವೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದ ಕಡೆ ಮಗುವಿನಲ್ಲಿ ಇಂಥ ಎರಡು ಪ್ರತಿ ಸೇರಿ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ಪ್ರತಿ ಬಸಿರಿನಲ್ಲೂ 4ರಲ್ಲಿ 1 ಪಾಲು ಅಪಾಯ, ಒಂದು ಮಗುವಿಗೆ ಬಂದಿತು ಎಂದರೆ ಮುಂದಿನ ಮೂವರು ಪಾರು ಅಂತಲ್ಲ. ಬಸುರಿಯಾಗಿದ್ದಾಗ ಅದು ತಿಂದೆ, ಇದು ಬಿಟ್ಟೆ ಅಂತ ತಾಯಿಯನ್ನು ದಯವಿಟ್ಟು ಯಾರೂ ಅನ್ನಬೇಡಿ.

ಹಲ್ಲಿಗೆ ಬೇಗ ಕ್ಯಾಪ್ ಹಾಕಿಸಿದರೆ ಮಗು ಜುಮ್ಮೆನ್ನದೆ ಅಗಿಯುತ್ತದೆ, ನಗಲು ನಾಚುವುದಿಲ್ಲ. ಹಲ್ಲು ಗಟ್ಟಿಯಾಗಲಿ ಅಂತ ನೀವೇ ಕ್ಯಾಲ್ಸಿಯಂ ಮಾತ್ರೆ ಕೊಡಬೇಡಿ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೇ ಹೋಗಿರುತ್ತವೆ, ಮಾತ್ರೆಯಿಂದ ಅದು ಮತ್ತೆ ಬೆಳೆಯುವುದಿಲ್ಲ. ಹಲ್ಲು ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಸುಮ್ನೆ ತಂದು ನುಂಗಿಸಬೇಡಿ, ಅವು ಕಿಡ್ನಿಗೆ ಭಾರ. ಯಾವ ವೈದ್ಯರ ಹತ್ತಿರ ಹೋದರೂ ಕಿಡ್ನಿಯ ವಿಷಯ ಮೊದಲೇ ಹೇಳಿ, ಸ್ಕ್ಯಾನ್ ರಿಪೋರ್ಟ್ ಜೊತೆಗಿಟ್ಟುಕೊಳ್ಳಿ.